ಉಗಿ ಎಂಜಿನ್ನಿನಲ್ಲಿ ನೀರು ಎಲ್ಲಿದೆ? ಓದುಗರ ಪ್ರಶ್ನೆಗಳಿಗೆ ಬಾಯ್ಲರ್ ಫಿಟರ್ ಉತ್ತರ

ಪ್ರಶ್ನೆಗಳ ಕಟ್ಟು ಕೈಗೆ ಬಂದಾಗ ನಿಜಕ್ಕೂ ಖುಷಿಯಾಯಿತು. ಉಗಿ ಎಂಜಿನ್ ಬಗ್ಗೆ ಇನ್ನೂ ಇಷ್ಟು ಜನ ಕೇಳುತ್ತಾರೆ ಅಂದುಕೊಂಡಿರಲಿಲ್ಲ. ನಾನು ಮೂವತ್ತು ವರ್ಷಕ್ಕಿಂತ ಜಾಸ್ತಿ ಬಾಯ್ಲರ್ ಫಿಟರ್ ಆಗಿದ್ದೆ. ಮೊದಲು ಓಡುವ ಎಂಜಿನ್‌ಗಳ ರಿಪೇರಿ. ಆಮೇಲೆ ನಿಂತುಹೋದ ಎಂಜಿನ್‌ಗಳನ್ನು ಮತ್ತೆ ಓಡುವಂತೆ ಮಾಡುವ ಕೆಲಸ. ಎಲ್ಲ ಪತ್ರಗಳಿಗೂ ಇಲ್ಲಿ ಜಾಗವಿಲ್ಲ. ಕೆಲವನ್ನು ಆರಿಸಿಕೊಂಡಿದ್ದೇನೆ. ಕೆಲವಕ್ಕೆ ಉದ್ದ ಉತ್ತರ, ಕೆಲವಕ್ಕೆ ಎರಡೇ ಮಾತು.

ಬಯಲಲ್ಲಿ ಪ್ರದರ್ಶನಕ್ಕೆ ನಿಲ್ಲಿಸಿರುವ ಹಳೆಯ ಎಂಜಿನ್ ಒಂದನ್ನು ಮತ್ತೆ ಓಡಿಸಬೇಕು ಎಂದು ನಮ್ಮ ಗೆಳೆಯರ ಗುಂಪಿಗೆ ಆಸೆ. ಆಗಾಗ ಬಣ್ಣ ಹೊಡೆಯುತ್ತಾರೆ, ನೋಡಲು ಗಟ್ಟಿಮುಟ್ಟಾಗಿಯೇ ಇದೆ. ಸ್ವಚ್ಛ ಮಾಡಿ, ನೀರು ತುಂಬಿಸಿ, ಬೆಂಕಿ ಹಾಕಿದರೆ ಸಾಕಲ್ಲವೇ?
– ಒಬ್ಬ ಬ್ಯಾಂಕ್ ಉದ್ಯೋಗಿ

ದಯವಿಟ್ಟು ಬೇಡ. ಬೆಂಕಿ ಹಾಕುವ ಮಾತು ಸದ್ಯಕ್ಕೆ ಮರೆತುಬಿಡಿ. ನಿಮ್ಮ ಆಸೆ ತುಂಬ ಒಳ್ಳೆಯದು, ಅದಕ್ಕೇ ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ.

ಬಾಯ್ಲರ್ ಒಳಗೆ 10 ಬಾರ್ ಒತ್ತಡ ಇದೆ ಎಂದುಕೊಳ್ಳಿ. ಅಂದರೆ ಒಂದು ಚದರ ಮೀಟರ್ ತಗಡಿನ ಮೇಲೆ ಸುಮಾರು 100 ಟನ್ ಭಾರ ಒತ್ತುತ್ತಿದೆ. ಆ ಒತ್ತಡದಲ್ಲಿ ನೀರು ಕುದಿಯುವುದು 100 ಡಿಗ್ರಿಯಲ್ಲಲ್ಲ, ಸುಮಾರು 184 ಡಿಗ್ರಿಯಲ್ಲಿ. ತಗಡು ಎಲ್ಲಾದರೂ ಹರಿದರೆ ಒಳಗಿನ ಒತ್ತಡ ಒಮ್ಮೆಲೇ ಬಿದ್ದುಹೋಗುತ್ತದೆ. ಆಗ ಕುದಿಯಲು ಕಾದಿದ್ದ ಅಷ್ಟೂ ನೀರಿನಲ್ಲಿ ಒಂದು ಪಾಲು ಆ ಕ್ಷಣದಲ್ಲೇ ಉಗಿಯಾಗುತ್ತದೆ. ಒಂದು ಲೀಟರ್ ನೀರು ಬಯಲಿನಲ್ಲಿ ಉಗಿಯಾದರೆ ಸುಮಾರು 1,600 ಲೀಟರ್ ಜಾಗ ಬೇಡುತ್ತದೆ. ಬಾಯ್ಲರ್ ಸಿಡಿಯುವುದು ಅಂದರೆ ಇದೇ.

ಹೊರಗಿನ ಬಣ್ಣ ನೋಡಿ ಒಳಗಿನ ಸ್ಥಿತಿ ಹೇಳಲು ಆಗುವುದಿಲ್ಲ. ನೀವು ಹೊರಗೆ ನೋಡುತ್ತಿರುವುದು ಬಾಯ್ಲರ್ ಅಲ್ಲವೇ ಅಲ್ಲ, ಅದರ ಮೇಲೆ ಹೊದಿಸಿದ ತೆಳು ತಗಡು. ಅದರ ಕೆಳಗೆ ಶಾಖ ಹೊರಹೋಗದಂತೆ ಸುತ್ತಿದ ಪದರ ಇರುತ್ತದೆ. ಹಳೆಯ ಎಂಜಿನ್‌ಗಳಲ್ಲಿ ಅದು ಎಷ್ಟೋ ಸಲ ಆಸ್‌ಬೆಸ್ಟಾಸ್. ಅದರ ಧೂಳು ಶ್ವಾಸಕೋಶಕ್ಕೆ ಹೋದರೆ ವರ್ಷಗಳ ಮೇಲೆ ಪ್ರಾಣಕ್ಕೇ ಬರುತ್ತದೆ. ಹಾಗಾಗಿ ಮೊದಲ ಕೆಲಸ: ಆ ಪದರ ಏನು ಎಂದು ಪರೀಕ್ಷೆ ಮಾಡಿಸಿ. ಆಸ್‌ಬೆಸ್ಟಾಸ್ ಆಗಿದ್ದರೆ ಅದನ್ನು ತೆಗೆಯಲು ಪರವಾನಗಿ ಇರುವವರನ್ನೇ ಕರೆಯಿರಿ. ಸುಮ್ನೆ ಒಂದು ತಗಡು ಬಿಚ್ಚಿ ನೋಡೋಣ ಅನ್ನಬೇಡಿ.

ಹೊದಿಕೆ ತೆಗೆದ ಮೇಲೆ ನಾನು ಮೊದಲು ಕೇಳುವ ಪ್ರಶ್ನೆ ಒಂದೇ: ಇಷ್ಟು ವರ್ಷ ಮಳೆನೀರು ಎಲ್ಲಿ ನಿಂತಿತ್ತು? ಚಿಮಣಿ ಬಾಯಿ ಮುಚ್ಚದೆ ಬಿಟ್ಟಿದ್ದರೆ ನೀರು ನೇರ ಸ್ಮೋಕ್‌ಬಾಕ್ಸ್ (ಚಿಮಣಿ ಕೆಳಗಿನ ಹೊಗೆಪೆಟ್ಟಿಗೆ) ತಳಕ್ಕೆ ಇಳಿದಿರುತ್ತದೆ. ಅಲ್ಲಿ ಹಳೆಯ ಬೂದಿ ಇರುತ್ತದೆ. ಕಲ್ಲಿದ್ದಲಿನ ಬೂದಿಯಲ್ಲಿ ಗಂಧಕ, ಜೊತೆಗೆ ನೀರು, ಎರಡೂ ಸೇರಿದರೆ ಆಮ್ಲ. ಅದು ವರ್ಷಗಟ್ಟಲೆ ಸದ್ದಿಲ್ಲದೆ ಉಕ್ಕನ್ನು ತಿನ್ನುತ್ತದೆ. ನಾನು ಕಂಡ ಒಂದು ಎಂಜಿನ್ನಿನಲ್ಲಿ ಮೇಲಿನ ಬಣ್ಣ ಕನ್ನಡಿಯಂತಿತ್ತು. ಸ್ಮೋಕ್‌ಬಾಕ್ಸ್ ತಳದ ಬೂದಿ ಕೆರೆದು ತೆಗೆದೆ. ಸ್ಕ್ರೂಡ್ರೈವರ್ ತುದಿ ಒತ್ತಿದ್ದೇ ತಡ, ತಗಡಿನ ಆಚೆ ಹೋಯಿತು. ಒಳಗೆ ತಿರುಗಿಸಿದರೆ ಕಂದು ಹಾಳೆ ಹಾಳೆಯಾಗಿ ಉದುರಿತು. ಫೈರ್‌ಬಾಕ್ಸ್ (ಬೆಂಕಿ ಉರಿಯುವ ಪೆಟ್ಟಿಗೆ) ಬುಡದ ಸುತ್ತಲಿನ ಸಂದು, ಬೂದಿ ಕೂತುಕೊಳ್ಳುವ ಮೂಲೆಗಳು, ಬಾಯ್ಲರ್ ಹೊಟ್ಟೆಯ ಕೆಳಭಾಗ, ಇವೂ ಹಾಗೆಯೇ ಮೋಸ ಮಾಡುವ ಜಾಗಗಳು.

ಮುಂದೆ ತಗಡಿನ ದಪ್ಪ ಅಳೆಯಬೇಕು. ಬಾಯ್ಲರ್ ಮೈಮೇಲೆ ಸೀಮೆಸುಣ್ಣದಲ್ಲಿ ಚೌಕ ಚೌಕ ಗೆರೆ ಹಾಕುತ್ತೇವೆ. ಪ್ರತಿ ಚೌಕದಲ್ಲೂ ಸ್ವಲ್ಪ ಜೆಲ್ ಹಚ್ಚಿ ಅಲ್ಟ್ರಾಸಾನಿಕ್ ಮೀಟರಿನ ತುದಿ ಇಟ್ಟರೆ ದಪ್ಪ ತೋರಿಸುತ್ತದೆ. ಅದನ್ನು ಅಲ್ಲೇ ಚೌಕದೊಳಗೆ ಬರೆಯುವುದು. 14, 14, 13.5, 14 ಎಂದು ಸಾಲಾಗಿ ಬರುತ್ತಿರುತ್ತದೆ. ಇದ್ದಕ್ಕಿದ್ದಂತೆ ಒಂದು ಚೌಕದಲ್ಲಿ 9 ಮಿಲಿಮೀಟರ್! ಆ ಕ್ಷಣ ಎಲ್ಲರೂ ಮಾತು ನಿಲ್ಲಿಸುತ್ತಾರೆ. ಮತ್ತೆ ಅಳೆಯುತ್ತೇವೆ, ಸುತ್ತ ಇನ್ನೂ ಸಣ್ಣ ಚೌಕ ಹಾಕುತ್ತೇವೆ. ತುಕ್ಕಿನ ಗುಂಡಿಯ ಅಂಚು ಎಲ್ಲಿ ಎಂದು ಹಾಗೆ ಗೊತ್ತಾಗುತ್ತದೆ.

ಆಮೇಲೆ ಸ್ಟೇಗಳು. ಬೆಂಕಿ ಉರಿಯುವ ಒಳಪೆಟ್ಟಿಗೆಗೂ ಹೊರಗಿನ ಕವಚಕ್ಕೂ ನಡುವೆ ನೀರು ಇರುತ್ತದೆ. ಅಲ್ಲಿಯ ತಗಡುಗಳು ಚಪ್ಪಟೆ. ಚಪ್ಪಟೆ ತಗಡು ಆ 100 ಟನ್ ಒತ್ತಡವನ್ನು ತಾನೇ ತಡೆಯಲಾರದು, ಉಬ್ಬಿಬಿಡುತ್ತದೆ. ಅದಕ್ಕೇ ಎರಡೂ ತಗಡನ್ನು ಕಟ್ಟಿಹಿಡಿಯಲು ನೂರಾರು ಸರಳುಗಳು, ಅವೇ ಸ್ಟೇಗಳು. ದೊಡ್ಡ ಎಂಜಿನ್ ಆದರೆ ಸಾವಿರ ದಾಟುತ್ತದೆ. ಎಷ್ಟೋ ಸ್ಟೇಗಳಲ್ಲಿ ತುದಿಯಿಂದ ಒಳಕ್ಕೆ, ನಡುಮಧ್ಯದಲ್ಲಿ ಒಂದು ಸಣ್ಣ ತೂತು ಕೊರೆದಿರುತ್ತಾರೆ. ಸ್ಟೇ ಒಳಗೆ ತುಂಡಾದರೆ ಆ ತೂತಿನಿಂದ ಉಗಿ ಚಿಮ್ಮಿ 'ನಾನು ಮುರಿದೆ' ಎಂದು ಹೇಳುತ್ತದೆ. ಬಾಯ್ಲರ್ ತಣ್ಣಗಿರುವಾಗ ಸುತ್ತಿಗೆಯೇ ಪರೀಕ್ಷಕ. ಒಬ್ಬ ಹೊಡೆಯುತ್ತಾನೆ, ಇನ್ನೊಬ್ಬ ಕಿವಿಗೊಡುತ್ತಾನೆ. ಗಟ್ಟಿ ಸ್ಟೇ 'ಟಣ್' ಅನ್ನುತ್ತದೆ. ಮುರಿದದ್ದು 'ದಪ್' ಅನ್ನುತ್ತದೆ. ನನಗೆ ಕೆಲಸ ಕಲಿಸಿದ ಮೇಸ್ತ್ರಿ ಆ ಹೊತ್ತಿನಲ್ಲಿ ಶೆಡ್ಡಿನಲ್ಲಿ ಯಾರಿಗೂ ಮಾತಾಡಲು ಬಿಡುತ್ತಿರಲಿಲ್ಲ.

ಇಷ್ಟೆಲ್ಲ ಆಗಿ, ಬೆಂಕಿಯ ಹೊಗೆ ನೀರಿನ ನಡುವೆ ಹಾದುಹೋಗುವ ಕೊಳವೆಗಳನ್ನು ಹೊಸದು ಹಾಕಿ, ತೆಳ್ಳಗಾದ ತಗಡನ್ನು ಅರ್ಹ ಬೆಸುಗೆಗಾರರು ಬದಲಿಸಿದ ಮೇಲೆ ನೀರಿನ ಪರೀಕ್ಷೆ. ಬಾಯ್ಲರ್ ಪೂರ್ತಿ ನೀರು ತುಂಬಿಸಿ, ಗಾಳಿಯೆಲ್ಲ ಹೊರಹಾಕಿ, ಪಂಪಿನಿಂದ ಒತ್ತಡ ಏರಿಸುವುದು. ದೇಶದ ನಿಯಮದಂತೆ, ಕೆಲಸದ ಒತ್ತಡಕ್ಕಿಂತ ಕಾಲು ಪಾಲು ಅಥವಾ ಅರ್ಧ ಪಾಲು ಜಾಸ್ತಿ. ಗಾಳಿ ಬಿಟ್ಟು ನೀರೇ ಯಾಕೆ? ನೀರು ಅದುಮಿದರೂ ಕುಗ್ಗುವುದಿಲ್ಲ. ತಗಡು ಬಿರಿದರೆ ಒಂದಿಷ್ಟು ನೀರು ಚಿಮ್ಮಿ ಒತ್ತಡ ಇಳಿದುಹೋಗುತ್ತದೆ, ಸಿಡಿತ ಇಲ್ಲ. ಇನ್‌ಸ್ಪೆಕ್ಟರ್ ಟಾರ್ಚ್ ಹಿಡಿದು ಸುತ್ತುತ್ತಾರೆ. ಆಮೇಲೆಯೇ ಬೆಂಕಿಯ ಮಾತು.

ಇದಕ್ಕೆ ವರ್ಷಗಳು ಬೇಕು. ಅಮೆರಿಕದ ಯೂನಿಯನ್ ಪೆಸಿಫಿಕ್ ಕಂಪನಿಯ 'ಬಿಗ್ ಬಾಯ್' 4014ನೇ ಎಂಜಿನ್ 1941ರದ್ದು. ಮ್ಯೂಸಿಯಮ್ಮಿನಲ್ಲಿ ನಿಂತಿದ್ದ ಅದನ್ನು 2014ರಲ್ಲಿ ಷಯಾನ್ ಊರಿನ ವರ್ಕ್‌ಶಾಪಿಗೆ ತಂದರು. ಮತ್ತೆ ಓಡಿದ್ದು 2019ರಲ್ಲಿ. ಅದೂ ದೊಡ್ಡ ರೈಲ್ವೆ ಕಂಪನಿಯ ಹಣ, ಜನ, ಯಂತ್ರ ಎಲ್ಲ ಇದ್ದು.

ನಿಮ್ಮ ಎಂಜಿನ್ ಓಡುವ ಸ್ಥಿತಿಯಲ್ಲಿ ಇಲ್ಲವೆಂದು ತಿಳಿದರೂ ಬೇಸರ ಬೇಡ. ಚಿಮಣಿಗೆ ಮುಚ್ಚಳ ಹಾಕಿ, ಬೂದಿ ತೆಗೆದು, ಒಳಗೆ ಒಣಗಿಸಿ, ತಲೆಮೇಲೆ ಒಂದು ಸೂರು ಮಾಡಿದರೆ ಅದರ ಆಯಸ್ಸು ಹೆಚ್ಚುತ್ತದೆ. ನನ್ನ ಲೆಕ್ಕದಲ್ಲಿ ಹತ್ತು ಸಲ ಬಣ್ಣ ಹೊಡೆಯುವುದಕ್ಕಿಂತ ಒಂದು ಸೂರು ದೊಡ್ಡದು.

ಇಂಜೆಕ್ಟರ್ ಎಂಬ ಭಾಗ ಬಾಯ್ಲರಿನದೇ ಉಗಿಯಿಂದ ಅದೇ ಬಾಯ್ಲರಿಗೆ ನೀರು ತುಂಬಿಸುತ್ತದಂತೆ. ಒಳಗೂ ಹೊರಗೂ ಒಂದೇ ಒತ್ತಡ ಇರುವಾಗ ಇದು ಹೇಗೆ ಸಾಧ್ಯ? ಮಕ್ಕಳು ಕೇಳಿದಾಗ ನನಗೆ ಹೇಳಲು ಆಗಲಿಲ್ಲ.
– ಭೌತಶಾಸ್ತ್ರದ ನಿವೃತ್ತ ಅಧ್ಯಾಪಕರು

ಮೇಷ್ಟ್ರೇ, ಈ ಪ್ರಶ್ನೆ ಓದಿ ನನಗೆ ಎಷ್ಟು ಸಂತೋಷವಾಯಿತು ಎಂದರೆ, ಬೇರೆ ಪತ್ರಗಳನ್ನು ಬದಿಗಿಟ್ಟು ಇದಕ್ಕೇ ಮೊದಲು ಉತ್ತರ ಬರೆದೆ. ಫ್ರಾನ್ಸಿನ ಆನ್ರಿ ಜಿಫಾರ್ 1858ರಲ್ಲಿ ಇದಕ್ಕೆ ಪೇಟೆಂಟ್ ಪಡೆದಾಗ ಕೂಡ ಬಹಳ ಜನ ನಂಬಲಿಲ್ಲ.

ಗುಟ್ಟು ಇರುವುದು ವೇಗದಲ್ಲಿ. ಇಂಜೆಕ್ಟರಿನ ಒಳಗೆ ಒಂದರ ಹಿಂದೆ ಒಂದು ಮೂರು ಶಂಕುಗಳಿವೆ. ಕೋನ್ ಎಂದೇ ಕರೆಯುತ್ತೇವೆ. ಮೊದಲ ಕೋನ್ ಉಗಿಯದು. ಉಗಿ ಅದರ ಸಣ್ಣ ಬಾಯಿಂದ ಸೆಕೆಂಡಿಗೆ ನೂರಾರು ಮೀಟರ್ ವೇಗದಲ್ಲಿ ಹೊರಬರುತ್ತದೆ. ಎರಡನೆಯದರಲ್ಲಿ ಅದಕ್ಕೆ ತಣ್ಣೀರು ಸಿಗುತ್ತದೆ. ಉಗಿ ತಕ್ಷಣ ತಣಿದು ನೀರಾಗುತ್ತದೆ. ಆದರೆ ತನ್ನ ಓಟವನ್ನು ಆ ನೀರಿಗೆ ಕೊಟ್ಟುಬಿಡುತ್ತದೆ. ಒಂದು ಕಿಲೋ ಉಗಿ ಸುಮಾರು ಹತ್ತು ಕಿಲೋ ನೀರನ್ನು ತನ್ನ ಜೊತೆ ಎಳೆದುಕೊಂಡು ಓಡುತ್ತದೆ. ಉಗಿ ನೀರಾದಾಗ ಅದು ಹಿಡಿದಿದ್ದ ಜಾಗ ಖಾಲಿಯಾಗುತ್ತದಲ್ವಾ, ಆ ನಿರ್ವಾತವೂ ನೀರನ್ನು ಸೆಳೆಯುತ್ತದೆ. ಮೂರನೆಯ ಕೋನ್ ನಿಧಾನಕ್ಕೆ ಅಗಲವಾಗುತ್ತದೆ. ಅಲ್ಲಿ ವೇಗ ಇಳಿದು ಒತ್ತಡ ಏರುತ್ತದೆ.

ಲೆಕ್ಕ ಹಾಕಿ ನೋಡಿ, ಮಕ್ಕಳಿಗೂ ಹಾಕಿಸಿ. 10 ಬಾರ್ ಒತ್ತಡದ ಎದುರು ನೀರು ನುಗ್ಗಬೇಕಾದರೆ ಅದಕ್ಕೆ ಸೆಕೆಂಡಿಗೆ ಸುಮಾರು 45 ಮೀಟರ್ ವೇಗ ಸಾಕು. ಉಗಿ ತಂದುಕೊಡುವ ವೇಗ ಅದನ್ನು ಆರಾಮಾಗಿ ದಾಟುತ್ತದೆ. ಅಂದರೆ ನೀರನ್ನು ಒಳಗೆ ಮಾತ್ರ ಹೋಗಲು ಬಿಡುವ ಬಾಯ್ಲರಿನ ತಡೆಕವಾಟವನ್ನು ತಳ್ಳಿ ತೆರೆಯುವುದು ಒತ್ತಡವಲ್ಲ, ಓಟ. ಶಕ್ತಿ ಎಲ್ಲಿಂದ ಬಂತು ಎಂದರೆ ಉಗಿಯ ಶಾಖದಿಂದ. ಉಳಿದ ಶಾಖ ವ್ಯರ್ಥವಾಗುವುದಿಲ್ಲ. ನೀರನ್ನು ಬೆಚ್ಚಗೆ ಮಾಡಿಕೊಂಡು ಬಾಯ್ಲರಿಗೇ ವಾಪಸ್ ಹೋಗುತ್ತದೆ.

ಇಂಜೆಕ್ಟರ್ 'ಹಿಡಿಯಿತು' ಎಂದು ಕಿವಿಗೇ ಗೊತ್ತಾಗುತ್ತದೆ. ಮೊದಲು ನೀರಿನ ವಾಲ್ವ್ ತೆರೆಯುವುದು. ಕೆಳಗಿನ ಓವರ್‌ಫ್ಲೋ ಪೈಪಿನಿಂದ ನೀರು ಸುರಿಯುತ್ತದೆ. ಆಮೇಲೆ ಉಗಿ. ಕ್ಷಣ ಹೊತ್ತು ಗಲಗಲ, ಬುಸುಬುಸು. ನೀರಿನ ವಾಲ್ವನ್ನು ಬೆರಳಿನಷ್ಟು ಆಚೀಚೆ ತಿರುಗಿಸಿದರೆ ಸುರಿಯುವುದು ಥಟ್ಟನೆ ನಿಲ್ಲುತ್ತದೆ. ಗಲಾಟೆ ಹೋಗಿ ಒಂದೇ ಶ್ರುತಿಯ ಸಣ್ಣ ಹಾಡು ಉಳಿಯುತ್ತದೆ. ಆ ಶಬ್ದ ಕೇಳಿದಾಗ ನನಗೆ ಇವತ್ತಿಗೂ ಎದೆ ಹಗುರಾಗುತ್ತದೆ.

ಕೆಟ್ಟರೆ ಕಾರಣ ಹೆಚ್ಚಿನ ಸಲ ಸಣ್ಣದು. ಟ್ಯಾಂಕಿನ ನೀರು ಬಿಸಿಯಾಗಿರುವುದು ಒಂದು. ಬಿಸಿನೀರು ಉಗಿಯನ್ನು ತಣಿಸಲಾರದು. ಎಳೆಯುವ ಕೊಳವೆಯ ಜಾಯಿಂಟಿನಲ್ಲಿ ಗಾಳಿ ನುಗ್ಗುವುದು ಇನ್ನೊಂದು. ಕೋನ್ ಒಳಗೆ ಸುಣ್ಣ ಕಟ್ಟುವುದು ಮತ್ತೊಂದು. ದುರಸ್ತಿಗೆ ಕೋನ್‌ಗಳನ್ನು ಹೊರತೆಗೆದು ಸೌಮ್ಯ ಆಮ್ಲದಲ್ಲಿ ನೆನೆಸಿ ಸುಣ್ಣ ಬಿಡಿಸುತ್ತೇವೆ. ಚಾಕು, ಮೊಳೆ ಹಾಕಿ ಕೆರೆಯಲೇಬಾರದು. ಒಳಮೈಯಲ್ಲಿ ಒಂದು ಗೀರು ಬಿದ್ದರೂ ನೀರಿನ ಧಾರೆ ಒಡೆಯುತ್ತದೆ. ಬಾಯಿ ಸವೆದು ಅಗಲವಾಗಿದ್ದರೆ ಹೊಸ ಕೋನ್ ಮಾಡಲೇಬೇಕು.

ಹೊರಡುವಾಗ ಎಂಜಿನ್ನಿನ ಮುಂಗಾಲಿನ ಹತ್ತಿರದಿಂದ ಎರಡೂ ಕಡೆಗೆ ಬಿಳಿ ಉಗಿ ಬುಸ್ಸೆಂದು ಹೊಡೆಯುತ್ತದಲ್ಲ, ಅದು ಸೋರಿಕೆಯೇ?
– ಒಬ್ಬ ಗೃಹಿಣಿ

ಇಲ್ಲ ಅಮ್ಮ, ಡ್ರೈವರ್ ಬೇಕೆಂದೇ ತೆರೆದಿರುವುದು. ನಿಂತಿದ್ದ ಹೊತ್ತಿನಲ್ಲಿ ಸಿಲಿಂಡರ್ ತಣ್ಣಗಾಗಿ ಒಳಗೆ ಉಗಿ ನೀರಾಗಿರುತ್ತದೆ. ನೀರು ಕುಗ್ಗುವುದಿಲ್ಲ ಎಂದು ಮೇಲೆ ಹೇಳಿದೆನಲ್ಲ. ಪಿಸ್ಟನ್ ಬಂದು ಆ ನೀರನ್ನು ಅದುಮಿದರೆ ಸಿಲಿಂಡರ್ ಮುಚ್ಚಳವೇ ಒಡೆದುಹೋಗಬಹುದು. ಅದಕ್ಕೆ ತಳದ ಡ್ರೈನ್ ಕಾಕ್ ತೆರೆದು, ನಾಲ್ಕು ಸುತ್ತು ಹೋಗಿ, ಒಣ ಉಗಿ ಬಂದ ಮೇಲೆ ಮುಚ್ಚುತ್ತಾರೆ.

ಚಕ್ರದ ಪಕ್ಕದಲ್ಲಿ ದೊಡ್ಡ ಸರಳಿನ ಜೊತೆ ಅಷ್ಟೊಂದು ಸಣ್ಣ ಕಡ್ಡಿಗಳು ಯಾಕೆ ಕುಣಿಯುತ್ತವೆ? ನಾನು ಚಿತ್ರ ಬರೆಯುತ್ತೇನೆ, ಸರಿಯಾಗಿ ಬರೆಯಬೇಕು.
– ಒಂಬತ್ತನೇ ತರಗತಿ ವಿದ್ಯಾರ್ಥಿನಿ

ಪುಟ್ಟಿ, ನೀನು ಸರಿಯಾಗಿ ಗಮನಿಸಿದ್ದೀಯ. ದೊಡ್ಡ ಸರಳುಗಳು ಶಕ್ತಿಯವು. ಪಿಸ್ಟನ್ನಿನಿಂದ ಚಕ್ರಕ್ಕೆ ಕನೆಕ್ಟಿಂಗ್ ರಾಡ್, ಚಕ್ರದಿಂದ ಚಕ್ರಕ್ಕೆ ಕಪ್ಲಿಂಗ್ ರಾಡ್. ಸಣ್ಣವು ಹೊತ್ತು ನೋಡಿ ಬಾಗಿಲು ತೆಗೆಯುವವು. ಉಗಿ ಯಾವಾಗ ಪಿಸ್ಟನ್ನಿನ ಯಾವ ಬದಿಗೆ ಹೋಗಬೇಕು, ಯಾವಾಗ ಹೊರಬರಬೇಕು ಎಂದು ವಾಲ್ವಿಗೆ ಹೇಳುವುದು ಅವುಗಳ ಕೆಲಸ.

ನೀನು ನೋಡಿರುವುದು ಬಹುಶಃ ವಾಲ್‌ಷಾರ್ಟ್ ಗೇರ್. ಬೆಲ್ಜಿಯಂನ ಎಜೀಡ್ ವಾಲ್‌ಷಾರ್ಟ್ 1844ರಲ್ಲಿ ಕಂಡುಹಿಡಿದದ್ದು. ಅದರಲ್ಲಿ ವಾಲ್ವಿಗೆ ಎರಡು ಕಡೆಯಿಂದ ಚಲನೆ ಬರುತ್ತದೆ. ಒಂದು ಚಕ್ರದ ಮೇಲಿನ ಸಣ್ಣ ಕ್ರ್ಯಾಂಕಿನಿಂದ. ಅದು ಬಾಗಿದ ಒಂದು ತುಂಡನ್ನು ಹಿಂದೆ ಮುಂದೆ ತೂಗುತ್ತದೆ. ಇನ್ನೊಂದು ಪಿಸ್ಟನ್ ರಾಡಿನ ತುದಿಯ ಕ್ರಾಸ್‌ಹೆಡ್ಡಿನಿಂದ. ಮುಂದುಗಡೆ ನಿಂತಿರುವ ಉದ್ದ ಕಡ್ಡಿ ಎರಡನ್ನೂ ಕೂಡಿಸಿ ವಾಲ್ವಿಗೆ ಕೊಡುತ್ತದೆ. ಬಾಗಿದ ತುಂಡಿನ ಒಳಗೆ ಒಂದು ರಾಡ್ ಮೇಲೆ ಕೆಳಗೆ ಜಾರುವುದನ್ನು ಚಿತ್ರದಲ್ಲಿ ತೋರಿಸು, ಅದನ್ನು ಬಿಡಬೇಡ. ಡ್ರೈವರ್ ಅದನ್ನು ಒಂದು ತುದಿಗೆ ಒಯ್ದರೆ ಎಂಜಿನ್ ಮುಂದೆ ಹೋಗುತ್ತದೆ, ಇನ್ನೊಂದು ತುದಿಗೆ ಒಯ್ದರೆ ಹಿಂದೆ.

ನಡುವಿನ ಕಡೆಗೆ ತಂದಷ್ಟೂ ಉಗಿಯ ಬಾಗಿಲು ಬೇಗ ಮುಚ್ಚುತ್ತದೆ. ಹೊರಡುವಾಗ ಪಿಸ್ಟನ್ ಮುಕ್ಕಾಲು ದಾರಿ ಹೋಗುವ ತನಕ ಉಗಿ ಬಿಡುತ್ತಾರೆ. ಓಟ ಸಿಕ್ಕ ಮೇಲೆ ಕಾಲು ಪಾಲು ಸಾಕು. ಬಾಗಿಲು ಮುಚ್ಚಿದರೂ ಒಳಗೆ ಸಿಕ್ಕಿಕೊಂಡ ಉಗಿ ಹಿಗ್ಗುತ್ತಾ ಪಿಸ್ಟನ್ನನ್ನು ಕೊನೆಯವರೆಗೂ ತಳ್ಳುತ್ತದೆ. ಹೊಸ ಉಗಿ ಬೇಡ, ಇದ್ದದ್ದರಲ್ಲೇ ಕೆಲಸ. ಕಲ್ಲಿದ್ದಲೂ ಉಳಿತಾಯ, ನೀರೂ ಉಳಿತಾಯ.

ಇನ್ನೊಂದು ಮಾತು. ಎರಡು ಸಿಲಿಂಡರಿನ ಎಂಜಿನ್ನಿನಲ್ಲಿ ಎರಡೂ ಬದಿಯ ರಾಡುಗಳು ಒಂದೇ ಎತ್ತರದಲ್ಲಿ ಇರುವಂತೆ ಬರೆಯಬೇಡ. ಕಾಲು ಸುತ್ತಿನ ವ್ಯತ್ಯಾಸ ಇರುತ್ತದೆ. ಒಂದು ಕಡೆ ಪಿಸ್ಟನ್ ತುದಿಯಲ್ಲಿ ಸಿಕ್ಕಿಕೊಂಡು ತಳ್ಳಲಾರದೆ ನಿಂತಾಗ ಇನ್ನೊಂದು ಕಡೆಯದು ಪೂರ್ತಿ ಬಲದಲ್ಲಿ ಇರಬೇಕು, ಅದಕ್ಕೆ. ಚಕ್ರದ ಒಂದು ಸುತ್ತಿಗೆ ನಾಲ್ಕು ಸಲ 'ಛಕ್' ಕೇಳುವುದೂ ಇದೇ ಕಾರಣಕ್ಕೆ. ಆ ಛಕ್ ಅಂದರೆ ಕೆಲಸ ಮುಗಿಸಿದ ಉಗಿ ಚಿಮಣಿಯಲ್ಲಿ ಹೊರಬೀಳುವ ಸದ್ದು. ಅದು ಹೋಗುತ್ತಾ ಸ್ಮೋಕ್‌ಬಾಕ್ಸಿನ ಹೊಗೆಯನ್ನೂ ಎಳೆದೊಯ್ಯುತ್ತದೆ, ಹಾಗಾಗಿ ಬೆಂಕಿಗೆ ಗಾಳಿ ಸಿಗುತ್ತದೆ. ಎಂಜಿನ್ ಜಾಸ್ತಿ ದುಡಿದಷ್ಟೂ ಬೆಂಕಿ ತಾನೇ ಜಾಸ್ತಿ ಉರಿಯುತ್ತದೆ. ಚಿತ್ರ ಮುಗಿದ ಮೇಲೆ ಪತ್ರಿಕೆಗೆ ಕಳಿಸು, ನಾನು ನೋಡಬೇಕು.

ಕ್ಯಾಬಿನಲ್ಲಿ ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆಯ ಹಿಂದೆ ಓರೆ ಗೆರೆಗಳಿರುವ ಪಟ್ಟಿ ಇರುತ್ತದೆ. ಅಲಂಕಾರಕ್ಕೋ?
– ಮ್ಯೂಸಿಯಂ ನೋಡಿ ಬಂದ ಒಬ್ಬ ಓದುಗರು

ಎಂಜಿನ್ನಿನಲ್ಲಿ ಅಲಂಕಾರಕ್ಕೆಂದು ಇರುವುದು ತುಂಬ ಕಡಿಮೆ. ಇದಂತೂ ಜೀವ ಉಳಿಸುವ ಭಾಗ. ತಿಳಿನೀರು ತುಂಬಿದ ಗಾಜೂ ಖಾಲಿ ಗಾಜೂ ಮಂದ ಬೆಳಕಿನಲ್ಲಿ ಒಂದೇ ತರಹ ಕಾಣುತ್ತವೆ. ಆದರೆ ನೀರು ತುಂಬಿದ ಕೊಳವೆ ಮಸೂರದಂತೆ ಕೆಲಸ ಮಾಡುತ್ತದೆ. ಹಿಂದಿನ ಗೆರೆಗಳನ್ನು ಅದು ತಿರುವುಮುರುವು ಮಾಡುತ್ತದೆ. ನೀರಿನ ಮೇಲುಗಡೆ ಗೆರೆಗಳು ಬಲಕ್ಕೆ ಓರೆಯಾಗಿದ್ದರೆ ನೀರಿನಲ್ಲಿ ಎಡಕ್ಕೆ ಓರೆ. ಎಲ್ಲಿ ಗೆರೆ ದಿಕ್ಕು ಬದಲಿಸುತ್ತದೋ ಅದೇ ಮಟ್ಟ. ಮನೆಯಲ್ಲಿ ಉರುಟು ಲೋಟದಲ್ಲಿ ನೀರು ಹಾಕಿ ಗೆರೆ ಎಳೆದ ಕಾಗದ ಹಿಂದೆ ಹಿಡಿದು ನೋಡಿ.

ಮಟ್ಟ ಯಾಕೆ ಅಷ್ಟು ಮುಖ್ಯ? ಫೈರ್‌ಬಾಕ್ಸಿನ ಮೇಲ್ಛಾವಣಿಗೆ ಕ್ರೌನ್ ಶೀಟ್ ಎನ್ನುತ್ತಾರೆ. ಕೆಳಗೆ ಸಾವಿರ ಡಿಗ್ರಿ ದಾಟಿದ ಬೆಂಕಿ, ಮೇಲೆ ನೀರು. ನೀರು ಇರುವ ತನಕ ತಗಡು ನೀರಿನ ಬಿಸಿಯ ಹತ್ತಿರವೇ ಇರುತ್ತದೆ. ನೀರು ಇಳಿದು ತಗಡು ಬರಿದಾದರೆ ಕೆಲವೇ ನಿಮಿಷದಲ್ಲಿ ಮೆತ್ತಗಾಗಿ ಜೋತುಬೀಳುತ್ತದೆ. 1995ರ ಜೂನ್‌ನಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಗೆಟಿಸ್‌ಬರ್ಗ್ ರೈಲ್ವೆಯಲ್ಲಿ ಪ್ರವಾಸಿ ರೈಲು ಎಳೆಯುತ್ತಿದ್ದ ಎಂಜಿನ್ನಿಗೆ ಹೀಗೇ ಆಯಿತು. ನೀರು ಕಡಿಮೆಯಾಗಿ ಕ್ರೌನ್ ಶೀಟ್ ಹರಿಯಿತು. ಕ್ಯಾಬಿನಲ್ಲಿದ್ದ ಮೂವರಿಗೆ ಸುಟ್ಟ ಗಾಯಗಳಾದವು. ಆಮೇಲೆ ಅಲ್ಲಿಯ ಉಗಿ ಎಂಜಿನ್ ನಿಯಮಗಳನ್ನೇ ಹೊಸದಾಗಿ ಬರೆದರು.

ಕೊನೆಯ ಕಾವಲಾಗಿ ಬಹಳಷ್ಟು ಎಂಜಿನ್‌ಗಳ ಕ್ರೌನ್ ಶೀಟಿನಲ್ಲಿ ಲೆಡ್ ಪ್ಲಗ್ ಇರುತ್ತದೆ. ಕಂಚಿನ ಬಿರಡೆ, ನಡುವೆ ಸೀಸ. ಸೀಸ ಕರಗುವುದು 327 ಡಿಗ್ರಿಯಲ್ಲಿ. ಮೇಲೆ ನೀರಿದ್ದರೆ ಕರಗುವುದಿಲ್ಲ. ನೀರು ಹೋದರೆ ಕರಗಿ, ಉಗಿ ಬೆಂಕಿಯ ಮೇಲೆ ಸೀಟಿ ಹೊಡೆದಂತೆ ಬೀಳುತ್ತದೆ. ಅದು ಬೆಂಕಿ ಆರಿಸಿಬಿಡುತ್ತದೆ ಎಂದು ನಂಬಿ ಕೂರಬಾರದು. ಅದು ಎಚ್ಚರಿಕೆ ಮಾತ್ರ. ಪ್ಲಗ್ಗಿನ ಮೇಲೆ ಸುಣ್ಣ ಕಟ್ಟಿದರೆ ಎಚ್ಚರಿಕೆಯೂ ತಡವಾಗುತ್ತದೆ. ಅದಕ್ಕೇ ಅವಧಿ ಮುಗಿದ ಕೂಡಲೇ ಹೊಸದು ಹಾಕಬೇಕು, ಹಳೆಯದು ಎಷ್ಟೇ ಚೆನ್ನಾಗಿ ಕಂಡರೂ.

ನನ್ನದೇ ಒಂದು ಅನುಭವ ಹೇಳುತ್ತೇನೆ. ಒಂದು ಕಡೆ ದುರಸ್ತಿಯಾದ ಎಂಜಿನ್ನಿಗೆ ಉಗಿ ಏರಿಸುವಾಗ ಸಹಾಯಕ್ಕೆ ಹೋಗಿದ್ದೆ. ಗಾಜಿನಲ್ಲಿ ನೀರು ಅರ್ಧಕ್ಕಿಂತ ಮೇಲೆ ನಿಂತಿತ್ತು. ಎಲ್ಲರಿಗೂ ಸಮಾಧಾನ. ನನಗೆ ಯಾಕೋ ಅದು ಅಲುಗಾಡದೆ ನಿಂತದ್ದು ಸರಿ ಕಾಣಲಿಲ್ಲ. ಜೀವಂತ ಬಾಯ್ಲರಿನ ನೀರು ಗಾಜಿನಲ್ಲಿ ಸದಾ ಸಣ್ಣಗೆ ಉಸಿರಾಡುತ್ತಿರುತ್ತದೆ. ಕೆಳಗಿನ ಡ್ರೈನ್ ತೆರೆದು ಗಾಜು ಖಾಲಿ ಮಾಡಿ ಮುಚ್ಚಿದೆ. ನೀರು ಥಟ್ಟನೆ ಮೇಲೆ ಹಾರಬೇಕು. ಹಾರಲಿಲ್ಲ. ಎಳೆ ಎಳೆಯಾಗಿ, ಹನಿ ಕೂಡಿದ ಹಾಗೆ ಏರಿತು. ಅಲ್ಲಿನ ಉಸ್ತುವಾರಿಯವರು "ಸ್ವಲ್ಪ ನಿಧಾನ ಅಷ್ಟೇ, ಬಿಡಿ" ಅಂದರು. ನಾನು ಒಪ್ಪಲಿಲ್ಲ. ಬೆಂಕಿಯನ್ನು ಹೊರಕ್ಕೆ ಎಳೆದು ಹಾಕಿಸಿದೆ. ಜಗಳವೇ ಆಯಿತು. ತಣ್ಣಗಾದ ಮೇಲೆ ಬಿಚ್ಚಿದರೆ ಕೆಳಗಿನ ದಾರಿಯಲ್ಲಿ ಸುಣ್ಣದ ಚಕ್ಕೆ ಸಿಕ್ಕಿಕೊಂಡಿತ್ತು. ಸೂಜಿ ಹೋಗುವಷ್ಟು ಮಾತ್ರ ಸಂದು. ಕೆಳಗಿನ ದಾರಿ ಕಟ್ಟಿದರೆ ಮೇಲಿನಿಂದ ಬಂದ ಉಗಿ ಗಾಜಿನಲ್ಲೇ ತಣಿದು ನೀರಾಗಿ ತುಂಬಿಕೊಳ್ಳುತ್ತದೆ. ನಾವು ನೋಡುತ್ತಿದ್ದದ್ದು ಬಾಯ್ಲರಿನ ನೀರಲ್ಲ, ಗಾಜಿನದೇ ನೀರು. ಬಾಯ್ಲರಿನಲ್ಲಿ ಕ್ರೌನ್ ಶೀಟಿನ ಮೇಲೆ ಉಳಿದದ್ದು ಎರಡು ಬೆರಳಿನಷ್ಟು.

ಅವತ್ತಿನಿಂದ ಕಲಿಯಲು ಬಂದ ಹುಡುಗರಿಗೆ ನಾನು ಮೊದಲು ಕೊಡುವ ಕೆಲಸ ಇದೇ: ನೀರಿನ ಮಟ್ಟದ ಗಾಜನ್ನು ಖಾಲಿ ಮಾಡಿ, ನೀರು ಎಷ್ಟು ಚುರುಕಾಗಿ ವಾಪಸ್ ಬರುತ್ತದೆ ನೋಡು.

ಉಗಿ ಎಂಜಿನ್ನಿಗೆ ಬೆಳಿಗ್ಗೆ ಓಟ ಇದ್ದರೆ ಹಿಂದಿನ ದಿನವೇ ಬೆಂಕಿ ಹಾಕುತ್ತಾರೆ. ಬೇಗ ಬಿಸಿ ಮಾಡಬಾರದೇ?
– ಒಬ್ಬ ಲಾರಿ ಚಾಲಕರು

ಅಣ್ಣಾ, ಮಾಡಬಹುದು, ಬಾಯ್ಲರ್ ಹಾಳಾಗುತ್ತದೆ. 5 ಮೀಟರ್ ಉದ್ದದ ಉಕ್ಕಿನ ಬಾಯ್ಲರ್ ತಣ್ಣಗಿನಿಂದ 184 ಡಿಗ್ರಿಗೆ ಹೋದರೆ ಸುಮಾರು 10 ಮಿಲಿಮೀಟರ್ ಉದ್ದವಾಗುತ್ತದೆ. ಅದಕ್ಕೇ ಅದನ್ನು ಚಾಸಿಗೆ ಮುಂದಿನ ತುದಿಯಲ್ಲಿ ಮಾತ್ರ ಬಿಗಿದು, ಹಿಂದೆ ಜಾರಲು ಬಿಟ್ಟಿರುತ್ತಾರೆ. ಅವಸರ ಮಾಡಿದರೆ ಬೆಂಕಿಯ ಪಕ್ಕದ ತಗಡು ಮೊದಲು ಹಿಗ್ಗುತ್ತದೆ, ತಳದ ನೀರು ಇನ್ನೂ ತಣ್ಣಗಿರುತ್ತದೆ. ಆ ಎಳೆದಾಟದಲ್ಲಿ ಸ್ಟೇ ಮುರಿಯುತ್ತವೆ, ಕೊಳವೆ ತುದಿಗಳು ಸೋರುತ್ತವೆ. ದೊಡ್ಡ ಎಂಜಿನ್ನಿಗೆ ಒಂದು ಹಗಲು ಒಂದು ರಾತ್ರಿ ಕೊಟ್ಟರೂ ಜಾಸ್ತಿಯಲ್ಲ.

ರೈಲು ಚಕ್ರಕ್ಕೆ ಉಕ್ಕಿನ ಟೈರ್ ಇರುತ್ತದಂತೆ. ಬೋಲ್ಟ್ ಇಲ್ಲದೆ ಅದು ಹೇಗೆ ನಿಲ್ಲುತ್ತದೆ?
– ಒಬ್ಬ ಬಡಗಿ

ಗಾಡಿ ಚಕ್ರಕ್ಕೆ ಕಬ್ಬಿಣದ ಪಟ್ಟಿ ಕಾಯಿಸಿ ಹಾಕುವುದು ನಿಮಗೆ ಗೊತ್ತಿರುತ್ತದೆ. ಇದೂ ಅದೇ. ಲೆಕ್ಕ ಮಾತ್ರ ಇನ್ನೂ ನಾಜೂಕು. ಚಕ್ರ 1,500 ಮಿಲಿಮೀಟರ್ ಅಡ್ಡಳತೆ ಇದ್ದರೆ ಟೈರಿನ ಒಳಗಿನ ಅಳತೆಯನ್ನು ಸುಮಾರು ಒಂದೂವರೆ ಮಿಲಿಮೀಟರ್ ಕಡಿಮೆ ಕಡೆಯುತ್ತೇವೆ. ಟೈರನ್ನು ನೆಲದ ಮೇಲೆ ಮಲಗಿಸಿ ಸುತ್ತ ಗ್ಯಾಸ್ ಉರಿ ಹಚ್ಚುತ್ತೇವೆ. ಬಿಸಿ 200 ಡಿಗ್ರಿಯಷ್ಟು ಏರಿದರೆ ಅದು ಮೂರೂವರೆ ಮಿಲಿಮೀಟರಿಗಿಂತ ಜಾಸ್ತಿ ಹಿಗ್ಗುತ್ತದೆ. ಆಗ ಚಕ್ರವನ್ನು ಕ್ರೇನಿನಲ್ಲಿ ಎತ್ತಿ, ನೇರ ಹಿಡಿದು, ನಿಧಾನಕ್ಕೆ ಇಳಿಸಬೇಕು. ಎರಡು ಮಿಲಿಮೀಟರ್ ಸಡಿಲ ಅಷ್ಟೇ ಇರುವುದು. ಸ್ವಲ್ಪ ಓರೆಯಾದರೂ ಅರ್ಧದಲ್ಲಿ ಕಚ್ಚಿಕೊಳ್ಳುತ್ತದೆ. ನೆಟ್ಟಗೆ ಇಳಿದರೆ 'ದಡ್' ಎಂದು ಒಂದೇ ಸದ್ದು. ಆಮೇಲೆ ತಾನಾಗಿ ತಣಿಯಲು ಬಿಡುವುದು, ನೀರು ಹೊಯ್ಯಬಾರದು.

ಮುಗಿದ ಮೇಲೆ ಟೈರ್ ಮತ್ತು ಚಕ್ರ ಎರಡರ ಮೇಲೂ ಹಾದು ಹೋಗುವಂತೆ ಒಂದು ಬಿಳಿ ಗೆರೆ ಬಳಿಯುತ್ತೇವೆ. ಬ್ರೇಕಿನ ಬಿಸಿಗೆ ಟೈರ್ ಸಡಿಲವಾಗಿ ಜಾರಿದರೆ ಗೆರೆ ತುಂಡಾಗಿ ಕಾಣುತ್ತದೆ. ಮುಂದಿನ ಸಲ ಎಂಜಿನ್ ನೋಡಿದಾಗ ಆ ಗೆರೆ ಇದೆಯಾ ಹುಡುಕಿ.

ಸಿಗದ ಭಾಗಗಳನ್ನು ಹೊಸದಾಗಿ ಮಾಡಿದರೆ ಅದು ಹಳೆಯ ಎಂಜಿನ್ ಆಗಿ ಉಳಿಯುತ್ತದೆಯೇ?
– ಕಾಲೇಜು ವಿದ್ಯಾರ್ಥಿ

ಉಳಿಯುತ್ತದೆ ಎಂದೇ ನನ್ನ ಅಭಿಪ್ರಾಯ. ಎಂಜಿನ್ ಓಡುತ್ತಿದ್ದ ಕಾಲದಲ್ಲೂ ಕೊಳವೆ, ಟೈರ್, ಬೇರಿಂಗ್, ಕೊನೆಗೆ ಬಾಯ್ಲರ್ ಕೂಡ ಬದಲಾಗುತ್ತಲೇ ಇತ್ತು. ಪೂರ್ತಿ ಹೊಸದಾಗಿಯೂ ಕಟ್ಟಬಹುದು. ಬ್ರಿಟನ್ನಿನಲ್ಲಿ ಹಳೆಯ ಎ1 ವರ್ಗದ ಎಂಜಿನ್ ಒಂದೂ ಉಳಿದಿರಲಿಲ್ಲ. ಉತ್ಸಾಹಿಗಳು 1990ರಲ್ಲಿ ಟ್ರಸ್ಟ್ ಮಾಡಿಕೊಂಡು, ಹಳೆಯ ನಕ್ಷೆಗಳಿಂದ 'ಟೊರ್ನಾಡೊ' ಕಟ್ಟಿದರು. ಬಾಯ್ಲರ್ ಜರ್ಮನಿಯ ಮೈನಿಂಗನ್‌ನಲ್ಲಿ ತಯಾರಾಯಿತು. 2008ರಲ್ಲಿ ಅದು ಓಡಿತು. ಆದರೆ ಬದಲಿಸಿದ ಪ್ರತಿ ಭಾಗವನ್ನೂ ಬರೆದಿಡಬೇಕು. ತೆಗೆದ ಹಳೆಯದನ್ನು ಗುಜರಿಗೆ ಹಾಕಬಾರದು. ಮುಂದೆ ಯಾರಿಗೋ ಅಳತೆ ಬೇಕಾದರೆ ಅದೇ ಸಾಕ್ಷಿ.

ನನಗೆ ಎಂಜಿನಿಯರಿಂಗ್ ಬರುವುದಿಲ್ಲ, ವಯಸ್ಸು ಅರವತ್ತೆರಡು. ಇಂಥ ಕೆಲಸದಲ್ಲಿ ನಾನು ಏನು ಮಾಡಬಹುದು?
– ಒಬ್ಬ ನಿವೃತ್ತ ಗುಮಾಸ್ತರು

ಸರ್, ನಿಮ್ಮಂಥವರು ಸಿಕ್ಕರೆ ನಮಗೆ ಪುಣ್ಯ. ಎಂಜಿನ್ ಬಿಚ್ಚುವುದು ಸುಲಭ. ಐದು ವರ್ಷ ಬಿಟ್ಟು ಜೋಡಿಸುವಾಗ ಯಾವ ನಟ್ ಎಲ್ಲಿಯದು ಎಂದು ಯಾರಿಗೂ ನೆನಪಿರುವುದಿಲ್ಲ. ಕೆಲಸ ನಿಲ್ಲುವುದು ಅಲ್ಲಿ. ಅಚ್ಚುಕಟ್ಟಾಗಿ ಬರೆಯುವ ಒಬ್ಬರು ಶೆಡ್ಡಿನಲ್ಲಿದ್ದರೆ ಅರ್ಧ ಯುದ್ಧ ಗೆದ್ದಂತೆ.

ಒಂದು ದಪ್ಪ ಪುಸ್ತಕ ಇಟ್ಟುಕೊಳ್ಳಿ. ಬಿಚ್ಚುವ ಮೊದಲು ಪ್ರತಿ ಭಾಗದ ಫೋಟೊ ತೆಗೆಯಿರಿ. ಬಿಚ್ಚಿದ ಮೇಲೆ ಹಿತ್ತಾಳೆ ಬಿಲ್ಲೆಗೆ ಸಂಖ್ಯೆ ಹೊಡೆದು ತಂತಿಯಲ್ಲಿ ಕಟ್ಟಿ. ಕಾಗದದ ಚೀಟಿ ಎಣ್ಣೆಗೆ ಕರಗಿಹೋಗುತ್ತದೆ. ಎಡಗಡೆಯದು, ಬಲಗಡೆಯದು ಎಂದು ತಪ್ಪದೆ ಬರೆಯಿರಿ. ಸವೆದ ಭಾಗ ತನ್ನ ಜೋಡಿಯ ಜೊತೆಗೇ ಸವೆದಿರುತ್ತದೆ, ಆಚೆಯದು ಈಚೆ ಕೂರುವುದಿಲ್ಲ.

ಕನೆಕ್ಟಿಂಗ್ ರಾಡಿನ ಗ್ರೀಸು, ಹಳೆಯ ಬಣ್ಣ ಒರೆಸುವ ಕೆಲಸವನ್ನೂ ನೀವೇ ಕೇಳಿ ಪಡೆಯಿರಿ. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆ ಸಾಕು, ಸ್ಯಾಂಡ್‌ಪೇಪರ್ ಮುಟ್ಟಬೇಡಿ. ಒರೆಸುತ್ತಾ ಹೋದ ಹಾಗೆ ಉಕ್ಕಿನಲ್ಲಿ ಅಚ್ಚು ಹೊಡೆದ ಎಂಜಿನ್ ಸಂಖ್ಯೆ ಕಾಣುತ್ತದೆ. ಎಷ್ಟೋ ಸಲ ಅದು ಆ ಎಂಜಿನ್ನಿನ ಸಂಖ್ಯೆಯೇ ಆಗಿರುವುದಿಲ್ಲ. ವರ್ಕ್‌ಶಾಪಿನಲ್ಲಿ ಒಂದರ ರಾಡ್ ಇನ್ನೊಂದಕ್ಕೆ ಹಾಕಿರುತ್ತಾರೆ. ಕೆಲವು ರಾಡುಗಳಲ್ಲಿ ಒಂದು ಸಂಖ್ಯೆ ಕಾಟು ಹೊಡೆದು ಪಕ್ಕದಲ್ಲಿ ಮತ್ತೊಂದು ಇರುತ್ತದೆ. ಎರಡನ್ನೂ ಪುಸ್ತಕದಲ್ಲಿ ಬರೆದುಕೊಳ್ಳಿ. ಆ ಮೊದಲ ಸಂಖ್ಯೆಯ ಎಂಜಿನ್ ಎಂದೋ ಗುಜರಿಗೆ ಹೋಗಿರಬಹುದು. ಅದರಲ್ಲಿ ಉಳಿದಿರುವುದು ನಿಮ್ಮ ಕೈಯಲ್ಲಿರುವ ಆ ರಾಡ್ ಒಂದೇ ಇರಬಹುದು.